ಸೆರಂಗೂನಿನ ಸಂಪಾದಕರು

ಅವರ ಬಲಗಿವಿ ಎಡಗಿವಿಗಿಂತ ಸದಾ ಕೆಂಪಗಿರುತ್ತಿತ್ತು. ಶಾರ್ಟ್‌ವೇವ್ ರೇಡಿಯೋವನ್ನು ದಿನಕ್ಕೆ ನಾಲ್ಕು ಗಂಟೆ ಅದಕ್ಕೇ ಒತ್ತಿ ಹಿಡಿಯುತ್ತಿದ್ದರು. ತೊಂಬತ್ತರ ದಶಕದಲ್ಲಿ ಅವರು ಸಿಂಗಪುರದ ಸೆರಂಗೂನಿನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು, ಜಾಫ್ನಾದ ತಮಿಳರು. ಹರೆಯದಲ್ಲಿ ಬೆಂಗಳೂರಿನಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಲಂಕೆಯ ಅಂತರ್ಯುದ್ಧದ ಸುದ್ದಿಗೆ ಹಾತೊರೆಯುತ್ತಿದ್ದ ತಮ್ಮವರಿಗೆಂದು ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತಿದ್ದರು. ಮೂರು ಪುಟ ತಮಿಳು, ಒಂದು ಇಂಗ್ಲಿಷ್. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇದ್ದ ತಪ್ಪಿಗೆ ಇಂಗ್ಲಿಷ್ ಪುಟ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಗವರ್ನಮೆಂಟ್ ರೇಡಿಯೋ ಪ್ರಕಾರ ಆರ್ಮಿ ಮುಂದೆ ಹೋಗಿದೆ. ಆ ಕಡೆಯವರ ರೇಡಿಯೋ ಪ್ರಕಾರ ಹಿಂದೆ ಓಡಿದೆ," ಎನ್ನುತ್ತಿದ್ದರು. "ಎರಡೂ ನಿಜ ಆದ್ರೆ ಪಾಪ, ಅವರಿಗೆ ತಲೆಸುತ್ತು ಬಂದಿರುತ್ತೆ ಕಣಮ್ಮ."

ಕೊನೆಗೆ ಎರಡನ್ನೂ ಅಕ್ಕಪಕ್ಕ ಹಾಕಿಸುತ್ತಿದ್ದರು. ಓದುಗರಲ್ಲಿ ಅರ್ಧ ಜನ ಅವರನ್ನು ಸರ್ಕಾರದ ಏಜೆಂಟ್ ಎಂದೂ ಉಳಿದರ್ಧ ಬಂಡುಕೋರರ ಏಜೆಂಟ್ ಎಂದೂ ಬೈದು ಬರೆಯುತ್ತಿದ್ದರು. ಆ ಬೈಗುಳವನ್ನೂ ಒಂದಕ್ಷರ ಬಿಡದೆ ನನ್ನಿಂದ ಟೈಪ್ ಮಾಡಿಸುತ್ತಿದ್ದರು.

ಒಮ್ಮೆ ಟೊರಾಂಟೊದಿಂದ ಫೋನ್ ಬಂತು. ಅವರೂರಿನ ಶಾಲೆಗೆ ಶೆಲ್ ಬಿದ್ದು, ಅವರಿಗೆ ಪಾಠ ಹೇಳಿದ್ದ ಹೆಡ್‌ಮಾಸ್ಟರು ತೀರಿಕೊಂಡರಂತೆ. ಅಂಕಲ್ ಕಣ್ಣೊರೆಸಿಕೊಂಡು ಅರ್ಧ ಪುಟ ಶ್ರದ್ಧಾಂಜಲಿ ಹೇಳಿ ಬರೆಸಿದರು. ‘ಶಾಂತ ಸ್ವಭಾವದವರು, ಮಕ್ಕಳ ಮೇಲೆ ಕೈ ಮಾಡಿದವರೇ ಅಲ್ಲ’ ಎಂಬಲ್ಲಿಗೆ ಬಂದಾಗ ನನ್ನ ಬೆರಳು ನಿಂತಿತು.

"ಬೆತ್ತ ಮುರಿಯೋ ಹಾಗೆ ಹೊಡೀತಿದ್ರು ಅಂದಿದ್ರಲ್ಲ ಅಂಕಲ್?"

"ಸತ್ತವರಿಗೆ ಸ್ವಲ್ಪ ಡಿಸ್ಕೌಂಟ್ ಕೊಡಬೇಕಮ್ಮ. ಟೈಪ್ ಮಾಡು."

ಮೂರು ತಿಂಗಳ ಮೇಲೆ, ಊರೂರು ಸುತ್ತಿ ಮಾಸಿದ ಲಕೋಟೆಯೊಂದು ಬಂತು. ಬರೆದವರು ಹೆಡ್‌ಮಾಸ್ಟರೇ. "ನಾನು ಸತ್ತಿಲ್ಲ. ಶಾಂತ ಸ್ವಭಾವದವನೂ ಅಲ್ಲ, ಅದು ನಿನಗೆ ಗೊತ್ತು. ಎರಡನ್ನೂ ತಿದ್ದು."

ನಾನು ನಕ್ಕೆ. ಅವರು ನಗಲಿಲ್ಲ. ಹೆಡ್‌ಮಾಸ್ಟರ ತಂಗಿ ನಮ್ಮೂರಿನದೇ ಇನ್ನೊಂದು ತುದಿಯ ಬುಕಿತ್ ಪಂಜಾಂಗ್‌ನಲ್ಲಿದ್ದರು. ಪತ್ರಿಕೆ ನಂಬಿ ಅಣ್ಣನ ಕರ್ಮವನ್ನೂ ಮಾಡಿಸಿದ್ದರು. "ಮೊದಲು ಅವರಿಗೆ ಹೇಳಬೇಕು. ನೀನೂ ಬಾ, ಒಬ್ಬನೇ ಹೋಗೋಕೆ ಭಯ," ಎಂದರು. ಬಸ್ಸಿನುದ್ದಕ್ಕೂ ಕ್ಷಮೆಯ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು.

ಆ ತಾಯಿ ಪತ್ರವನ್ನು ಮೂರು ಸಲ ಓದಿದರು. "ಅಣ್ಣನೇ. ಸಿಟ್ಟಲ್ಲೂ ಒಂದು ಕಾಗುಣಿತ ತಪ್ಪಿಲ್ಲ," ಎಂದು ಅಳುತ್ತ ನಕ್ಕರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಮೂರು ತಿಂಗಳು ಅತ್ತಿದೀನಿ. ಅದನ್ನ ಯಾವ ಪೇಜಲ್ಲಿ ತಿದ್ದುತ್ತೀರಿ?"

ಅಭ್ಯಾಸ ಮಾಡಿದ್ದೆಲ್ಲ ಅಂಕಲ್‌ಗೆ ಮರೆತುಹೋಯಿತು. ಕೈಮುಗಿದು ನಿಂತರು, ಅಷ್ಟೆ.

ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಯುದ್ಧವೇ ಇರಲಿಲ್ಲ. ‘ನಾನು ವಿಚಾರಿಸಲಿಲ್ಲ, ತಪ್ಪು ನನ್ನದು’ ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದರು.

ಎರಡು ವರ್ಷಗಳ ನಂತರ ಆಸ್ಪತ್ರೆ ಸೇರಿದರು. ಆಗ ಅವರೂರಿನ ಕಡೆ ಭಾರಿ ಕಾಳಗ, ವಾರದಿಂದ ಸುದ್ದಿಯೇ ಇಲ್ಲ. ನಾನು ನೋಡಲು ಹೋದಾಗ ಕಣ್ಣು ತೆರೆದು, "ಊರಲ್ಲಿ ಎಲ್ಲ ಹೇಗಿದಾರೆ?" ಎಂದರು. ‘ಚೆನ್ನಾಗಿದಾರೆ’ ಎನ್ನುವ ಮಾತು ಗಂಟಲವರೆಗೆ ಬಂದಿತ್ತು.

"ಗೊತ್ತಿಲ್ಲ ಅಂಕಲ್," ಎಂದೆ.

ನನ್ನ ಕೈಯನ್ನು ಮೆಲ್ಲಗೆ ತಟ್ಟಿ, "ನೀನು ಕಲಿತುಬಿಟ್ಟೆ," ಎಂದರು. ಮಾರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು. ಟೈಪಿಂಗ್ ನನಗೆ ಮೊದಲೇ ಬರುತ್ತಿತ್ತು. ‘ಗೊತ್ತಿಲ್ಲ’ ಎಂಬ ಆ ಒಂದು ಮಾತು ಹೇಳುವ ಧೈರ್ಯ ಮಾತ್ರ ಅವರು ಕೊಟ್ಟದ್ದು.