ಲಾಂಛನ ಬಂತು, ಕಂಪ್ಯೂಟರ್ ಬರಲಿಲ್ಲ

ದಾನಕ್ಕೆ ಬಂದ ಹಳೇ ಕಂಪ್ಯೂಟರಿನ ಗುಂಡಿ ಒತ್ತಿ ನೋಡುವ ಮೊದಲು ಅದರ ಪಕ್ಕ ನಿಂತು ಫೋಟೊ ಹೊಡೆಸಿಕೊಳ್ಳುತ್ತಾರೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಅಂಥ ಸಭೆಯಲ್ಲಿ ಚಪ್ಪಾಳೆ ತಟ್ಟಿ, ಕೇಸರಿಬಾತ್ ತಿಂದು ಬಂದವರು ನೀವು.

ಕೆಂಪರಾಜ್ ಅಂಥ ಯಾವ ಫೋಟೊದಲ್ಲೂ ಇಲ್ಲ. ಮಧುರೆ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ಅವನು ಅಟೆಂಡರ್. ಅದಕ್ಕೂ ಮೊದಲು ಹದಿನಾರು ವರ್ಷ ದೊಡ್ಡಬಳ್ಳಾಪುರದಲ್ಲಿ ವೆಂಕಟರಮಣಪ್ಪನವರ ಮಗ್ಗದ ಶೆಡ್ಡಿನಲ್ಲಿ ರಿಪೇರಿ ಕೆಲಸ. ಸೀರೆಗೆ ಡಿಸೈನ್ ಕೂರಿಸುವ ತೂತಿನ ಕಾರ್ಡುಗಳ ಸರವನ್ನು ಒಂದು ಮಗ್ಗದಿಂದ ಬಿಚ್ಚಿ ಇನ್ನೊಂದಕ್ಕೆ ಏರಿಸುವುದರಲ್ಲಿ ಅವನ ಕೈ ಪಳಗಿತ್ತು. ಏರಿಸುವ ಮುಂಚೆ ಹೊಸ ಮಗ್ಗದಲ್ಲಿ ನೂಲೆತ್ತುವ ಹುಕ್ಕು ಎಷ್ಟಿವೆಯೆಂದು ಎಣಿಸಬೇಕು. ಎಣಿಸದೆ ಏರಿಸಿದರೆ ನವಿಲಿನ ಕತ್ತು ಒಂದು ಕಡೆ, ಮೈ ಇನ್ನೊಂದು ಕಡೆ. ವೆಂಕಟರಮಣಪ್ಪ ಈ ಪಾಠವನ್ನು ಕೆಂಪರಾಜನಿಗೂ ತಮ್ಮ ಮಗ ಭೀಮರಾಜನಿಗೂ ಒಟ್ಟಿಗೇ ಹೇಳಿಕೊಟ್ಟಿದ್ದರು. ಹುಡುಗರಿಬ್ಬರೂ ಒಂದೇ ಬುತ್ತಿಯಲ್ಲಿ ಉಂಡು ಬೆಳೆದವರು.

ಹೈಸ್ಕೂಲಿನ ಮೂಲೆಯಲ್ಲಿ ಒಂಬತ್ತು ಕಂಪ್ಯೂಟರು ಬಟ್ಟೆ ಹೊದ್ದುಕೊಂಡು ಸತ್ತು ಬಿದ್ದಿದ್ದವು. ಹೊಸ ಸಾಫ್ಟ್‌ವೇರಿನ ಭಾರ ಹೊರುವ ತ್ರಾಣ ಅವಕ್ಕಿರಲಿಲ್ಲ. ಕೆಂಪರಾಜ್ ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಲಿನಕ್ಸ್ ಕಲಿತ. ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ, ಹಂಚಬಹುದಾದ ವ್ಯವಸ್ಥೆ ಅದು. ಎರಡು ವರ್ಷ ಕೂತು, ಬೇಡದ್ದನ್ನೆಲ್ಲ ಕಿತ್ತು ಹಾಕಿ, ಆ ಒಂಬತ್ತರ ಮೈಯಳತೆಗೆ ಸರಿಯಾಗಿ ತನ್ನದೇ ಒಂದನ್ನು ಕಟ್ಟಿದ. ಎಲ್ಲ ಕನ್ನಡದಲ್ಲಿ. ಆಫ್ ಮಾಡುವ ಕಡೆ 'ಮಲಗಿಸು', ಅಳಿಸುವ ಕಡೆ 'ತಿಪ್ಪೆಗೆ ಹಾಕು'. ಮಕ್ಕಳು ನಕ್ಕು ನಕ್ಕೇ ಕಲಿತರು. ತೆರೆ ಬೆಳಗಿದ ಕೂಡಲೇ ಮೊದಲು ಕಾಣುತ್ತಿದ್ದದ್ದು ಒಂದು ಸಾಲು: 'ಕಟ್ಟಿದವನು ಕೆಂಪರಾಜ್. ಕೆಟ್ಟರೆ ಕೂಗಿ.'

ಭೀಮರಾಜ್ ಈಗ ದೇವನಹಳ್ಳಿಯಲ್ಲಿ ಒಂದು ಟ್ರಸ್ಟಿನ ಅಧ್ಯಕ್ಷ. ಏರ್‌ಪೋರ್ಟ್ ಸುತ್ತಲಿನ ಹೋಟೆಲುಗಳು ಬಿಸಾಡಿದ ಕಂಪ್ಯೂಟರನ್ನು ಶಾಲೆಗಳಿಗೆ ಹಂಚುವುದು ಅವನ ಸೇವೆ. ಆ ಒಂಬತ್ತು ಎದ್ದ ಸುದ್ದಿ ಕೇಳಿ ಕೆಂಪರಾಜನನ್ನು ಹುಡುಕಿಕೊಂಡು ಬಂದ.

"ಕೆಂಪ, ಒಂದ್ ಡಿಸ್ಕ್ ಕೊಡೋ. ಕಾಪಿ ಹೊಡ್ದು ಎಲ್ಲಾದಕ್ಕೂ ಹಾಕ್ಬಿಡ್ತೀನಿ."

"ಕಾಪಿ ಹೊಡಿಯಕ್ಕೆ ಅದೇನು ಎಸ್ಸೆಸ್ಸೆಲ್ಸಿ ಪೇಪರೇನ್ಲಾ? ಇವು ಒಂಬತ್ತೂ ಒಂದೇ ತಳಿ. ನಿನ್ನವು ಕಲಬೆರಕೆ. ಒಂದೊಂದ್ರ ಹೊಟ್ಟೆ ಬಿಚ್ಚಿ ನೋಡಿ, ಅದಕ್ಕೆ ತಕ್ಕಂಗೆ ತಿದ್ದಿ ಹಾಕ್ಬೇಕು. ಮಗ್ಗ ನೋಡ್ದೆ ಕಾರ್ಡ್ ಏರಿಸ್ತಾರಾ?"

"ಆಯ್ತು ಗುರು, ನೀನೇ ಬಂದು ಹಾಕ್ಕೊಡು. ಕರೀತೀನಿ ಕಣೋ."

ಕೇಳಿದವರಿಗೆ ಇಲ್ಲವೆನ್ನದೆ ಮನೆಯ ಹೆಪ್ಪು ಕೊಟ್ಟಂತೆ ಕೆಂಪರಾಜ್ ಡಿಸ್ಕ್ ಕೊಟ್ಟ. ಯಾವ ಯಂತ್ರದಲ್ಲಿ ಏನೇನು ನೋಡಬೇಕೆಂದು ಎರಡು ಹಾಳೆ ಬರೆದು ಜೊತೆಗಿಟ್ಟ.

ಕರೆ ಬರಲಿಲ್ಲ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಆಹ್ವಾನ ಪತ್ರಿಕೆ ಬಂತು. 'ನಮ್ಮ ಟ್ರಸ್ಟ್ ರೂಪಿಸಿದ ಕನ್ನಡ ಕಂಪ್ಯೂಟರ್ ವ್ಯವಸ್ಥೆ, ಇಪ್ಪತ್ತಾರು ಯಂತ್ರಗಳ ಲೋಕಾರ್ಪಣೆ.' ಘಾಟಿ ಸುಬ್ರಹ್ಮಣ್ಯದ ಕಡೆಯ ಶಾಲೆ, ಶನಿವಾರ ಬೆಳಿಗ್ಗೆ. ಕೆಂಪರಾಜ್ ರಜೆ ಹಾಕಿ ಹೋಗಿ ಶಾಮಿಯಾನದ ಕೊನೇ ಸಾಲಿನಲ್ಲಿ ಕೂತ.

ಅತಿಥಿಗಳು ಗುಂಡಿ ಒತ್ತಿದರು. 'ಕಟ್ಟಿದವನು ಕೆಂಪರಾಜ್' ಎಂಬ ಸಾಲಿದ್ದ ಜಾಗದಲ್ಲಿ ಟ್ರಸ್ಟಿನ ಲಾಂಛನ ಮಿಂಚಿತು. ಚಪ್ಪಾಳೆ ಬಿತ್ತು. ಆಮೇಲೆ ಕಪ್ಪು ಪರದೆ, ಅದರ ಮೇಲೆ ಬಿಳೀ ಇಂಗ್ಲಿಷ್ ಅಕ್ಷರ. ಇಪ್ಪತ್ತಾರರಲ್ಲಿ ಒಂದೂ ಏಳಲಿಲ್ಲ. ಒಂದೇ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಎಲ್ಲದಕ್ಕೂ ಇಳಿಸಿದ್ದರು. ತಮ್ಮ ಹೊಟ್ಟೆಯೊಳಗಿನ ಡಿಸ್ಕು ಎಲ್ಲಿದೆಯೆಂದೇ ಆ ಯಂತ್ರಗಳಿಗೆ ತಿಳಿಯುತ್ತಿಲ್ಲವೆಂಬುದು ಕೂತ ಜಾಗದಿಂದಲೇ ಕೆಂಪರಾಜನಿಗೆ ಗೊತ್ತಾಯಿತು. ಎದ್ದು ಹೋಗಿ ಸರಿಮಾಡೋಣವೆಂದು ಚಪ್ಪಲಿ ಮೆಟ್ಟಿಕೊಂಡ. ಅಷ್ಟರಲ್ಲಿ ಭೀಮರಾಜ್ ಮೈಕು ಹಿಡಿದ.

"ಕ್ಷಮಿಸ್ಬೇಕು. ಇದನ್ನ ಮಾಡಿದ್ದು ಮಧುರೆ ಕಡೆ ಕೆಂಪರಾಜ್ ಅಂತ. ನಮ್ ಶೆಡ್ಡಲ್ಲಿದ್ದೋನು, ಓದಿದೋನಲ್ಲ ಪಾಪ. ನಂಬಿ ಕೆಟ್ವಿ."

ಕೆಂಪರಾಜನ ಹೆಸರು ಮೈಕಿನಲ್ಲಿ ಕೇಳಿಸಿದ್ದು ಅದೇ ಮೊದಲು.

ಊಟದ ಸಾಲಿನ ಹಿಂದೆ ಭೀಮರಾಜನನ್ನು ತಡೆದು ನಿಲ್ಲಿಸಿದ. "ಹುಕ್ಕು ಎಣಿಸಿದ್ಯಾ?"

"ಟೈಮೆಲ್ಲಿತ್ತೋ? ದೊಡ್ಡೋರ ಮುಂದೆ ಟ್ರಸ್ಟ್ ಮಾನ ಉಳಿಸ್ಬೇಕಿತ್ತು. ನಿನ್ನನ್ಯಾರು ಕೇಳ್ತಾರೆ, ಬಿಡು. ಊಟ ಮಾಡ್ಕೊಂಡೋಗು."

"ಹೆಸರು ಅಳಿಸಿದ್ದಕ್ಕೆ ನಾನು ಸುಮ್ನಿರ್ತಿದ್ದೆ ಕಣೋ. ಅಳಿಸಿದ ಹೆಸರನ್ನ ಕೆಟ್ಟ ಮೇಲೆ ಎತ್ತಾಡಿದ್ಯಲ್ಲ, ಬುತ್ತಿ ಹಂಚ್ಕೊಂಡ ಬಾಯಿ ಅದು?"

ಭೀಮರಾಜ್ ಫೋನ್ ಕಿವಿಗಿಟ್ಟುಕೊಂಡು ಹೊರಟುಹೋದ.

ಸೋಮವಾರ ಕೆಂಪರಾಜ್ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಮತ್ತೆ ಅದೇ ಶಾಲೆಗೆ ಹೋದ. ಆ ಯಂತ್ರಗಳು ಏಳದೆ ಅವನ ಹೆಸರೂ ಏಳುವಂತಿರಲಿಲ್ಲ. ಹೆಡ್‌ಮೇಡಂ ರುಕ್ಮಿಣಮ್ಮನವರ ಮುಂದೆ ಕೈಕಟ್ಟಿ ನಿಂತ.

"ಒಂದೇ ಒಂದು ಮಿಷನ್ ಕೊಡಿ ಮೇಡಮ್ಮೋರೆ. ಅರ್ಧ ದಿನ. ನಿಮ್ ಕಣ್ಮುಂದೆ ಎಬ್ಬಿಸ್ತೀನಿ."

"ಆಗಲ್ಲ ಕಣಪ್ಪಾ. ನೀನು ಮುಟ್ಟಬಾರ್ದು ಅಂತ ಟ್ರಸ್ಟ್‌ನೋರು ಬರ್ದುಕೊಟ್ಟಿದಾರೆ."

"ಮತ್ತೆ ಅವ್ರು ಯಾವಾಗ ಬಂದು ಮಾಡ್ತಾರಂತೆ?"

ರುಕ್ಮಿಣಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅದು ಬರ್ದಿಲ್ಲ."

ಅದಾಗಿ ಏಳು ತಿಂಗಳು. ಮಧುರೆ ಕಡೆಯ ಆ ಒಂಬತ್ತು ಈಗಲೂ ದಿನಾ ಬೆಳಿಗ್ಗೆ ಏಳುತ್ತವೆ, ಸಂಜೆ ಮಕ್ಕಳು 'ಮಲಗಿಸು' ಒತ್ತಿದರೆ ಮಲಗುತ್ತವೆ. ಘಾಟಿ ಕಡೆಯ ಇಪ್ಪತ್ತಾರರ ಕೋಣೆಗೆ ಬೀಗ. ಅವನ್ನು ಎಬ್ಬಿಸಬಲ್ಲವನು ಹತ್ತಿರದಲ್ಲೇ ಶಾಲೆಯ ಗಂಟೆ ಹೊಡೆದುಕೊಂಡು ಬದುಕಿದ್ದಾನೆ, ಕಳ್ಳನೆಂಬಂತೆ ತಲೆ ತಗ್ಗಿಸಿ.

ಚಪ್ಪಾಳೆ ತಟ್ಟಿದವರು ನೀವು. ಯಾರು ಮಾಡಿದರು, ಯಾರು ಕೆಡಿಸಿದರು ಎಂದು ಅವತ್ತು ಒಂದು ಮಾತು ಕೇಳಲಿಲ್ಲ. ಈಗ ಕೇಳಿ. ಆ ಶಾಲೆಗೆ ಹೋಗಿ, ಆ ಕಾಗದ ಹರಿದುಹಾಕಿಸಿ, ಬೀಗ ತೆಗೆಸಿ, ಕೆಂಪರಾಜನನ್ನು ಒಳಗೆ ಬಿಡಿ.