ಫಾಂಟಿನ ಹೆಸರಿಗೆ ಕೊಟೇಷನ್

ಕೊಟೇಷನ್ ಚಿಹ್ನೆ ಹಾಕುವುದರಲ್ಲಿ ನಾನು ಸ್ವಲ್ಪ ಧಾರಾಳಿ. ಪತ್ರಿಕೆಯ ಕೆಲಸದಲ್ಲಿ ಬೆಳೆದ ಅಭ್ಯಾಸ. ಬೇರೆಯವರ ಮಾತಿಗೆ ತಲೆಯ ಹತ್ತಿರ ಒಂದು, ಕಾಲಿನ ಹತ್ತಿರ ಒಂದು. ನಡುವೆ ಎಷ್ಟು ಅಲ್ಪವಿರಾಮ ಬಂದರೂ ಜೋಡಿ ಒಂದೇ. ಸೋಮಂದೇಪಲ್ಲಿಯ ಸಭೆಯಲ್ಲಿ ಮುಖಂಡರು ಉಸಿರು ಬಿಡದೆ ಮಾತಾಡಿದರೂ ಅಷ್ಟೇ. ಈ ಶಿಸ್ತಿನಿಂದ ಯಾರಿಗಾದರೂ ತೊಂದರೆಯಾದೀತೆಂದು ವೆಬ್ ಪುಟಗಳು ಬರುವವರೆಗೆ ನನಗೆ ಹೊಳೆದಿರಲಿಲ್ಲ.

ನನ್ನ ಚಿಕ್ಕಮ್ಮನ ಮಗಳು ವರಲಕ್ಷ್ಮಿ ಕಲ್ಯಾಣದುರ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಆ ಸೀರೆಗಳೆಲ್ಲ ವ್ಯಾಪಾರಿಯೊಬ್ಬರ ಹೆಸರಿನಲ್ಲೇ ಹೋಗುತ್ತಿದ್ದವು. ಊರೂರಿಗೆ ಇಂಟರ್‌ನೆಟ್ ಸೆಂಟರುಗಳು ಬಂದ ಕಾಲ. ತುಮಕೂರಿನ ಅಂಗಡಿಯವರೊಬ್ಬರು, ಸೀರೆಗಳ ಚಿತ್ರವನ್ನು ಒಂದು ವೆಬ್ ಪುಟದಲ್ಲಿ ಹಾಕಿ, ವಿವರ ಕನ್ನಡದಲ್ಲಿರಲಿ, ಹಿಡಿಸಿದರೆ ನೇರ ನಿಮ್ಮಿಂದಲೇ ತರಿಸುತ್ತೇನೆ ಎಂದರು. ತನ್ನ ಹೆಸರಿನಲ್ಲಿ ಸೀರೆ ಮಾರಲು ಅವಳಿಗೆ ಸಿಕ್ಕ ಮೊದಲ ದಾರಿ. ಬಸ್ಸು ಹತ್ತಿ ಹಿಂದೂಪುರದ ನಮ್ಮ ಕಚೇರಿಗೆ ಬಂದು ಕೂತಳು.

ಪುಟ ಮಾಡಿದವರು ನಮ್ಮ ಉಪಸಂಪಾದಕ ಆಂಜನಪ್ಪ. ಆಗಿನ ಕನ್ನಡ ಫಾಂಟುಗಳು ಬಯಲಾಟದವರಂತೆ: ಒಳಗೆ ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ವೇಷ. ಫಾಂಟು ಸಿಗದಿದ್ದರೆ ವೇಷ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ನಿಲ್ಲುತ್ತವೆ. ನಮ್ಮ ಫಾಂಟು ಹೇಮಾವತಿ 2. ತುಮಕೂರಿನ ಅಂಗಡಿಯಲ್ಲೂ ಅದೇ ಇತ್ತು. ಅದು ಸಿಗದಿದ್ದರೆ ಇರಲಿ ಎಂದು ಪಕ್ಕದಲ್ಲಿ ಸೆರಿಫ್ ಎಂಬ ಪದ ಸೇರಿಸಿ, ಪುಟದ ರೂಪ ಬರೆದಿಡುವ ಸ್ಟೈಲ್‌ಶೀಟಿನಲ್ಲಿ ಆಂಜನಪ್ಪ ಎರಡಕ್ಕೂ ಒಂದೇ ಜೋಡಿ ಕೊಟೇಷನ್ ಹಾಕಿದರು: “ಹೇಮಾವತಿ 2, ಸೆರಿಫ್”. ನಾನು ಕರಡು ತಿದ್ದುವ ಕಣ್ಣಿನಿಂದ ನೋಡಿ ತಲೆಯಾಡಿಸಿದೆ. ನಮ್ಮ ಬ್ರೌಸರು ಯಾವ ಫಾಂಟೂ ಸಿಗದಿದ್ದಾಗ ಹೇಮಾವತಿಯನ್ನೇ ತೋರಿಸುವಂತೆ ಮೊದಲೇ ಹೊಂದಿಸಿದ್ದೆವು. ಹಾಗಾಗಿ ತಪ್ಪು ಕಾಣಲೇ ಇಲ್ಲ.

ತುಮಕೂರಿನಿಂದ ಫೋನು ಬಂತು. ಒಂದಕ್ಷರವೂ ಓದಲಾಗುತ್ತಿಲ್ಲ, ಅಂಗಡಿ ಮುಚ್ಚುವುದರೊಳಗೆ ಸರಿಯಾಗದಿದ್ದರೆ ಹಬ್ಬದ ಸರಕನ್ನು ಹಳೆಯ ವ್ಯಾಪಾರಿಗೇ ಹೇಳುತ್ತೇನೆ ಎಂದರು.

ವರಲಕ್ಷ್ಮಿ ಕೇಳಿದ್ದು ಇಷ್ಟೇ: “ಏಮಣ್ಣಾ, ನನ್ ಹೆಸ್ರೂ ಕಾಣಲ್ವಂತಾ?”

ನಾನು ಸಹಾಯದ ಪುಟಗಳನ್ನು ತೆರೆದು ಓದತೊಡಗಿದೆ. ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಕೊಟೇಷನ್ ಹಾಕುವುದು ಒಳ್ಳೆಯದು; ಹೇಮಾವತಿಯಂತೆ ಬಿಡಿ ಅಂಕಿ ಬಂದರಂತೂ ಹಾಕಲೇಬೇಕು. ಆದರೆ ಒಂದೊಂದು ಹೆಸರಿಗೂ ಬೇರೆ ಬೇರೆ ಜೋಡಿ. ಸೆರಿಫ್‌ಗೆ ಮಾತ್ರ ಕೂಡದು. ಅದು ಯಾವ ಫಾಂಟಿನ ಹೆಸರೂ ಅಲ್ಲ, ಅಕ್ಷರದ ತುದಿಗೆ ಪುಟ್ಟ ಗೆರೆಯಿರುವ ಫಾಂಟು ಯಾವುದಿದ್ದರೂ ಸರಿ ಎಂಬ ಕೋರಿಕೆ. ಬಾಗಿಲಲ್ಲಿ ನಿಂತು “ಯಾರಿದ್ದೀರಮ್ಮಾ ಮನೇಲಿ” ಎಂದು ಕೂಗುತ್ತೇವಲ್ಲ, ಹಾಗೆ. ಯಾರಿದ್ದೀರಮ್ಮ ಎಂಬ ಹೆಸರಿನ ಹೆಂಗಸನ್ನೇ ಹುಡುಕಿಕೊಂಡು ಹೊರಟರೆ ಹಿಂದೂಪುರದಿಂದ ಚಿಲಮತ್ತೂರಿನವರೆಗೆ ಒಬ್ಬರೂ ಸಿಗುವುದಿಲ್ಲ. ತುಮಕೂರಿನ ಕಂಪ್ಯೂಟರು ಎರಡನ್ನೂ ಒಂದೇ ಎಂದುಕೊಂಡು ಅಲ್ಪವಿರಾಮದ ಸಮೇತ ಅಂಥದ್ದೊಂದು ಹೆಸರನ್ನು ಹುಡುಕುತ್ತಿತ್ತು.

ವಿವರಿಸಿದಾಗ ವರಲಕ್ಷ್ಮಿ ಆಂಜನಪ್ಪನವರನ್ನು ನೋಡಿದಳು. “ಇಬ್ರಿಗೂ ಸೇರ್ಸಿ ಒಂದೇ ಸೀರೆ ಉಡ್ಸಿದ್ದೀರಲ್ಲ ಸಾರ್. ಹೆಂಗೆ ನಡೀತಾರೆ?”

ಆಂಜನಪ್ಪ ಜಗ್ಗಲಿಲ್ಲ. ಎರಡನ್ನೂ ಬಿಡಿಸಿ, ಸೆರಿಫ್‌ಗೂ ಒಂದು ಜೋಡಿ ಹಾಕಿ, ಇರಲಿ ಎಂದು ವಾದಿಸಿದರು. “ಒಬ್ರಿಗೆ ಹಾಕಿ ಒಬ್ರಿಗೆ ಬಿಟ್ರೆ ನಾಳೆ ಜಗಳಕ್ಕೆ ಬತ್ತಾರೆ ಕಣಪ್ಪ.” ನಾನು ಸಹಾಯದ ಪುಟ ತೋರಿಸಿದ ಮೇಲೆ ಆ ಜೋಡಿ ಅಳಿಸಿದರು, ಒಲ್ಲದ ಮನಸ್ಸಿನಿಂದ.

ತಿದ್ದಿದ ಪುಟ ಹೋಯಿತು. ಮತ್ತೆ ಫೋನು. ಅಂಗಡಿಯವರು ವರಲಕ್ಷ್ಮಿಯ ಹೆಸರನ್ನು ಅವಳಿಗೇ ಓದಿ ಹೇಳಿ, ಮಾವಿನಕಾಯಿ ಅಂಚಿನ ಸೀರೆಗಳನ್ನು ಮೊದಲು ಕಳಿಸಿ ಎಂದರು. ಫೋನಿಟ್ಟ ಮೇಲೆ ಅವಳು ಕುಣಿಯುತ್ತಾಳೆಂದುಕೊಂಡಿದ್ದೆ. ಅವಳು ಪರದೆಗೆ ಬೆರಳಿಟ್ಟಳು.

“ಆ ಅಂಚಿಗೆ ಲಾಳಿ ಹಿಡ್ದೋಳು ನಮ್ ಪಕ್ಕದ್ಮನೆ ರತ್ನಮ್ಮ ಕಣಣ್ಣ. ಆಕೆ ಹೆಸ್ರೂ ಹಾಕ್ಬುಡು, ನೋಡ್ಕಂಡು ಬಸ್ಸಿಗೆ ಹೋಯ್ತೀನಿ.”

ಆಂಜನಪ್ಪ ಅವಳ ಹೆಸರಿನ ಪಕ್ಕದಲ್ಲಿ ರತ್ನಮ್ಮನ ಹೆಸರನ್ನು ಒತ್ತಿದರು.

ತಮ್ಮ ಹೆಸರು ಕಂಡ ಮನುಷ್ಯರು ಮೊದಲು ಪಕ್ಕದವರಿಗೆ ಜಾಗ ಮಾಡಿಕೊಡುತ್ತಾರೆ ಎಂದು ಬರೆಯಲು ನನ್ನ ಬಳಿ ಇರುವುದು ಈ ಒಂದೇ ಪುರಾವೆ. ಒಂದೇ ಪುರಾವೆಯ ಮಾತನ್ನು ಪತ್ರಿಕೆಯಲ್ಲಿ ಅಚ್ಚು ಮಾಡುವುದಿಲ್ಲ. ನಂಬುವುದಕ್ಕೆ ಅಷ್ಟು ಸಾಕು.