ಮಂದೆ ನಡೆಸೋಕಾಗದ ಮಿಷಿನ್

'ಅಷ್ಟು ಪವರ್ ಇರೋ ಗೇಮ್ ಮಿಷಿನ್‌ಗೆ ಯಾಕೆ ಯಾರೂ ಆಟ ಮಾಡ್ಲಿಲ್ಲ' ಅಂತ ಈಗಲೂ ಯಾರಾದ್ರೂ ಕೇಳ್ಲಿ, ನಾನು ಮೆತ್ತಗೆ ಮಾತಾಡಲ್ಲ. ಆಟ ಮಾಡೋರು ಸೋಮಾರಿಗಳಂತೆ! ಯಾರಲಾ ಸೋಮಾರಿ?

ಸೇಲಂನ ಒಂದು ಮಹಡಿ ರೂಮಲ್ಲಿ ನಾನೂ ನನ್ನ ಜೊತೆಗಾರನೂ ವಿಡಿಯೋ ಗೇಮ್ ಮಾಡ್ತೀವಿ. ನಮ್ಮೂರು ಮೇಚೇರಿ ಕಡೆ, ಕುರಿ ಮೇಯಿಸೋ ಮನೆ. ಮಂಡಿ ಆಪರೇಷನ್ ಆದ್ಮೇಲೆ ಅವ್ವ ಮಂದೆ ಹಿಂದೆ ಓಗೋದು ನಿಂತೋಯ್ತು. ಕುರಿ ಅಣ್ಣನ ಪಾಲಾಯ್ತು. ಅವ್ವ ಕುರೀನ ಕೂಗೋದೂ ಬಿಟ್ಟು ಜಗಲಿ ಮೇಲೆ ಸುಮ್ನೆ ಕೂತಿರ್ತಿದ್ಲು. ನನ್ನ ಕೈಲಿ ಅದನ್ನ ನೋಡೋಕಾಗ್ಲಿಲ್ಲ.

ಅವಳಿಗೋಸ್ಕರ ಒಂದು ಆಟ ಶುರು ಮಾಡಿದೆ. ನಮ್ಮ ಕಡೆ ಮಂದೆ ಓಡಿಸಲ್ಲ, ಮುಂದಾಳು ಕುರಿನ ಕರೀತಾರೆ. ಅದು ಹೆಜ್ಜೆ ಎತ್ತಿದ್ರೆ ಮಿಕ್ಕಿದ್ದೆಲ್ಲ ಅದರ ಹಿಂದೆ. ಆಟಾನೂ ಅಷ್ಟೇ. ಬೆರಳು ಒತ್ತಿದ್ರೆ ಅವ್ವನ ಕೂಗು, ಕೂಗಿಗೆ ಮಂದೆ. ಕುರಿ ಮೇಯೋಕೆ ಓಗಿದ್ದಾಗ ಬಲವಂತ ಮಾಡಿ ಅವಳ ಹತ್ರ ಕೂಗಿಸಿ ರೆಕಾರ್ಡ್ ಮಾಡ್ಕೊಂಡೆ.

ಆಗ ಒಂದು ಕಂಪನಿ ಹೊಸ ಮಿಷಿನ್ ಕಳಿಸ್ತು. ಇದಕ್ಕೇ ಮಾಡಿ, ನಿಮ್ಮ ಆಟಾನೇ ಮುಂದಿಡ್ತೀವಿ ಅಂದ್ರು. ಅವರು ತೋರಿಸಿದ ಕುರೀಲಿ ಉಣ್ಣೆಯ ಒಂದೊಂದು ಎಳೆನೂ ಗಾಳಿಗೆ ಅಲ್ಲಾಡ್ತಿತ್ತು. ಅಯ್ಯೋ ಸಾಮೀ, ಮೇಚೇರಿ ಕುರಿಗೆ ಉಣ್ಣೆ ಎಲ್ಲೈತೆ? ಇರೋದೇ ಮೋಟು ಕೂದಲು.

ಆದ್ರೂ ಕೂತ್ವಿ. ಆ ಮಿಷಿನ್ ಒಳಗೆ ಹಲವು ಮೆದುಳು, ಅಂದ್ರೆ ಪ್ರೊಸೆಸರ್. ಕೆಲಸಾನ ನಾವೇ ಕತ್ತರಿಸಿ ಹಂಚಬೇಕು, ಒಂದರ ಸುದ್ದಿ ಇನ್ನೊಂದಕ್ಕೆ ನಾವೇ ಹೊತ್ತಾಕಬೇಕು. ಕೊಟ್ಟ ಟೂಲ್ಸೋ, ಅರೆಬೆಂದ ಮುದ್ದೆ. ಮುಂದಾಳು ಗುಡ್ಡ ಹತ್ತಿ ಓಗಿರ್ತಿತ್ತು, ಮಿಕ್ಕವು ರೊಪ್ಪದಾಗೇ ನಿಂತಿರ್ತಿದ್ವು. ಅದು ಓಗಿದ್ದು ಇವಕ್ಕೆ ಗೊತ್ತೇ ಇಲ್ಲ. ಕೇಳಿದ್ರೆ, ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗ್ತೈತೆ ಅನ್ನೋರು. ಕೊನೆಗೆ ಕಂಪನಿಯವನೊಬ್ಬ ಫೋನಲ್ಲಿ, 'ಒರೇ ಒರು ಆಡು ಪೋದುಂ ಮೇಡಂ' ಅಂದ. ಆಟದಾಗೆ ಒಂದೇ ಕುರಿ ಸಾಕಂತೆ!

ಮೈಯೆಲ್ಲಾ ಉರಿದೋಯ್ತು. ಒಂಟಿ ನಿಂತ ಕುರಿ ಅಂದ್ರೆ ನಮ್ಮಲ್ಲಿ ಕಾಯಿಲೆ ಕುರಿ. ಅದನ್ನ ಅವ್ವನ ಕೈಗೆ ಕೊಡ್ಲಾ?

ಜೊತೆಗಾರನಿಗೆ ಮಿಷಿನ್ ಬಿಡೋಕೆ ಮನಸ್ಸಿಲ್ಲ. 'ಅಕ್ಕಾ, ಕುಣೀಲಾರದವ್ಳು ನೆಲ ಡೊಂಕು ಅಂದ್ಲಂತೆ, ಅಂಗಾಯ್ತು' ಅಂದ.

'ನೆಲ ಡೊಂಕೇ ಐತೆ ಕಣ್ಲಾ! ಡೊಂಕಾಗಿ ಕಟ್ಟಿದೋನ್ನ ಯಾರೂ ಕೇಳಲ್ಲ, ಬಿದ್ದೋಳ್ನ ಮಾತ್ರ ಬೈತಾರೆ. ನಮ್ಮ ಕಡೆ ನಂಗವಳ್ಳಿಯಿಂದ ಪಾಲಮಲೆ ತನಕ ಈ ಮಿಷಿನ್ ಯಾರ ಮನೇಲೈತೆ, ಹೇಳು ನೋಡೋಣ.'

ಮಿಷಿನ್ನ ಡಬ್ಬಕ್ಕೆ ತುಂಬಿ ವಾಪಸ್ ಕಳಿಸ್ದೆ.

ಆಟಾನ ಅವ್ವನ ಹಳೇ ಫೋನಿಗೇ ಮಾಡಿದ್ವಿ. ಕುರಿ ಅಂದ್ರೆ ಒಂದು ಕೆಂಪು ಉಂಡೆ, ಕೆಳಗೆ ನಾಲ್ಕು ಕಡ್ಡಿ. ನಗೋರು ನಗ್ಲಿ. ಮಂದೆ ಮಂದೆ ಥರಾನೇ ನಡೀತಿತ್ತು.

ಊರಿಗೋಗಿ ಫೋನನ್ನ ಅವ್ವನ ಕೈಗಿಟ್ಟೆ. ಸಂಜೆ, ಅಣ್ಣ ಕುರಿಗಳನ್ನ ರೊಪ್ಪಕ್ಕೆ ಕೂಡ್ತಿದ್ದ. ಅವ್ವ ಬೆರಳು ಒತ್ತಿದ್ಲು. 'ತ್ರ್ರ್ರ್... ಬಾ ಲೇ ಬಾ!' ಅವಳದೇ ಗಂಟಲು. ಫೋನಲ್ಲಿ ಕೆಂಪು ಉಂಡೆಗಳು ಸಾಲಾಗಿ ಹೊರಟ್ವು. ಅಷ್ಟರಲ್ಲಿ ಅಣ್ಣ 'ಏಯ್, ಏಯ್!' ಅಂತ ಅರಚಿದ. ನಮ್ಮ ಮುಂದಾಳು ಕುರಿ ಅವನನ್ನ ತಪ್ಪಿಸ್ಕೊಂಡು ಜಗಲಿ ಕಡೆ ಬರ್ತಿತ್ತು, ಅದರ ಹಿಂದೆ ಇಡೀ ಮಂದೆ.

ಅವ್ವ ಫೋನ್ ಕೆಳಗಿಟ್ಟು ಮುಂದಾಳು ಕುರಿ ಕಿವಿ ಹಿಡ್ಕೊಂಡ್ಲು. 'ನಾನು ಬರೋಕಾಗಲ್ಲ ಅಂತ ನೀನೇ ಬಂದ್ಯೇನ್ಲೇ?' ಅಂದ್ಲು.